ವೀಸಾದ ಮೇಲೆ ಯಾರ ಹೆಸರು?

"ಎರಡು ವರ್ಷದ ವೀಸಾ ಅಂದರೆ ಎರಡು ವರ್ಷ ಅಲ್ಲಿ ಇರುವ ಹಕ್ಕು ಸಿಕ್ಕಿದ ಹಾಗೆ ಅಲ್ಲವಾ ಅತ್ತೆ?"

"ಅಲ್ಲ ಮಗಾ. ಕೆಲಸ ಇರುವ ತನಕ ಇರುವ ಹಕ್ಕು. ಎರಡು ವರ್ಷ ಅನ್ನುವುದು ಅದರ ಮೇಲಿನ ಗಡಿ ಅಷ್ಟೆ."

ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಉಡುಪಿಯಲ್ಲಿ ಎ.ಸಿ. ರಿಪೇರಿ ಮಾಡಿಕೊಂಡಿರುವವನು. ದುಬೈಯ ಕಂಪನಿಯೊಂದರಿಂದ ತಿಂಗಳಿಗೆ 2,500 ದಿರ್ಹಂ ಸಂಬಳದ ಆಫರ್ ಲೆಟರ್ ಬಂದಿದೆ. ಅತ್ತೆ, ಅವನ ತಂದೆಯ ಅಕ್ಕ, ಬಹಳ ವರ್ಷ ಅದೇ ಊರಿನಲ್ಲಿ ಕಟ್ಟಡ ಗುತ್ತಿಗೆಯ ಕಂಪನಿಯೊಂದರ ಕಚೇರಿಯಲ್ಲಿ ಕಾರ್ಮಿಕರ ವೀಸಾ ಕಡತಗಳನ್ನು ನೋಡಿಕೊಂಡಿದ್ದವರು. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವ ಮಂದೂಬ್ ತಂದ ಕಾಗದಗಳೆಲ್ಲ ಅವರ ಮೇಜು ದಾಟಿಯೇ ಮುಂದೆ ಹೋಗುತ್ತಿದ್ದವು. ಯಾರ ವೀಸಾ ಯಾವತ್ತು ಮುಗಿಯುತ್ತದೆ, ಯಾರದ್ದು ಕ್ಯಾನ್ಸಲ್ ಆಯಿತು, ಯಾರು ಬಾಕಿ ಸಂಬಳ ಕೇಳಿಕೊಂಡು ಬಾಗಿಲಲ್ಲಿ ನಿಂತರು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು.

ಭಟ್ಕಳದಿಂದ ಉಳ್ಳಾಲದವರೆಗೆ ಗಲ್ಫಿಗೆ ಹೋದವರಿಲ್ಲದ ಊರು ಸಿಗುವುದು ಕಷ್ಟ. ಅಲ್ಲಿಂದ ಬಂದ ದುಡ್ಡಿನ ಕಥೆ, ಕಟ್ಟಿಸಿದ ಮನೆಯ ಕಥೆ, ಮದುವೆ ಮಾಡಿಸಿದ ತಂಗಿಯಂದಿರ ಕಥೆ ಎಲ್ಲರ ಬಾಯಲ್ಲೂ ಉಂಟು. ಆದರೆ ಆ ದೇಶದಲ್ಲಿ ಯಾವ ಕಾಗದದ ಬಲದಿಂದ ನಿಂತಿದ್ದೇವೆ, ಆ ಕಾಗದ ಯಾರ ಕೈಯಲ್ಲಿದೆ, ಅದು ಹೋದರೆ ಎಷ್ಟು ದಿನದೊಳಗೆ ಹೊರಡಬೇಕು ಎಂಬ ಮಾತು ಮನೆಗಳಲ್ಲಿ ಬರುವುದು ತೀರ ಕಡಿಮೆ. ಬಂದರೂ ಕಷ್ಟ ಬಾಗಿಲಿಗೆ ಬಂದ ಮೇಲೆ.

"ಕೆಲಸ ಹೋದರೆ ಬೇರೆ ಕೆಲಸ ಹುಡುಕಿದರಾಯಿತು" ಎಂದ ಹುಡುಗ.

"ಇಲ್ಲಿ ಹಾಗೆ. ಉಡುಪಿಯ ಕೆಲಸ ಹೋದರೆ ನೀನು ಉಡುಪಿ ಬಿಡಬೇಕಾಗಿಲ್ಲ. ಅಲ್ಲಿ ನಿನ್ನ ಕೆಲಸಕ್ಕೂ ನಿನ್ನ ವಾಸಕ್ಕೂ ಗಂಟು ಹಾಕಿಟ್ಟಿದ್ದಾರೆ. ಒಂದನ್ನು ಬಿಚ್ಚಿದರೆ ಇನ್ನೊಂದೂ ಬಿಚ್ಚಿಕೊಳ್ಳುತ್ತದೆ."

ಆ ಗಂಟಿನ ಹೆಸರು ಕಫಾಲಾ. ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಬಹ್ರೈನ್, ಒಮಾನ್ ಈ ಆರೂ ದೇಶಗಳಲ್ಲಿ ವಿದೇಶಿಯನ ವಾಸದ ಪರವಾನಗಿ ಒಬ್ಬ ಪ್ರಾಯೋಜಕನ, ಅಂದರೆ ಕಫೀಲನ ಹೆಸರಿನಲ್ಲಿ ನಡೆದುಕೊಂಡು ಬಂದದ್ದು. ಕಫೀಲ ಒಬ್ಬ ವ್ಯಕ್ತಿಯಾಗಿರಬಹುದು, ಕಂಪನಿಯಾಗಿರಬಹುದು. ದೇಶದೊಳಕ್ಕೆ ಕರೆಸಿಕೊಳ್ಳುವವನೂ ಅವನೇ, ನವೀಕರಿಸುವವನೂ ಅವನೇ, ರದ್ದು ಮಾಡುವವನೂ ಅವನೇ. ಹಿಂದೆ ಬೇರೆ ಕಂಪನಿಗೆ ಹೋಗಲು ಅವನ ಒಪ್ಪಿಗೆ ಬೇಕಿತ್ತು. ಸೌದಿ, ಕತಾರ್‌ಗಳಲ್ಲಿ ಊರಿಗೆ ಬರಲಿಕ್ಕೂ ಬೇಕಿತ್ತು. ಅಮ್ಮನಿಗೆ ಹುಷಾರಿಲ್ಲ ಎಂದು ಫೋನ್ ಬಂದರೂ ಕಫೀಲ ಸಹಿ ಹಾಕದೆ ವಿಮಾನ ಹತ್ತುವಂತಿರಲಿಲ್ಲ.

ಈ ಗಂಟನ್ನು ಸಡಿಲಿಸುವ ಕೆಲಸ ಒಂದೊಂದು ದೇಶದಲ್ಲಿ ಒಂದೊಂದು ವೇಗದಲ್ಲಿ ನಡೆದಿದೆ. ಬಹ್ರೈನ್ 2009ರಲ್ಲೇ ಕೆಲಸ ಬದಲಿಸಲು ದಾರಿ ತೆರೆಯಿತು. ಕತಾರ್ 2018ರಲ್ಲಿ ಬಹುಪಾಲು ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್ ತೆಗೆಯಿತು, 2020ರಲ್ಲಿ ಮನೆಗೆಲಸದವರಿಗೂ ತೆಗೆಯಿತು. ಅದೇ ವರ್ಷ ಕೆಲಸ ಬದಲಿಸಲು ಹಳೇ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಡ ಎಂದಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನೂ, ಊಟ ವಸತಿ ಕೊಡದಿದ್ದರೆ ಅದಕ್ಕೆ ಬೇರೆ ಹಣವನ್ನೂ ಕಡ್ಡಾಯ ಮಾಡಿತು. ಸೌದಿಯೂ 2021ರ ಮಾರ್ಚ್‌ನಲ್ಲಿ ಖಾಸಗಿ ಕಂಪನಿಗಳ ನೌಕರರಿಗೆ ಕೆಲವು ಷರತ್ತುಗಳೊಡನೆ ಕೆಲಸ ಬದಲಿಸುವ, ಮಾಲೀಕನನ್ನು ಕೇಳದೆ ಹೊರಗೆ ಹೋಗಿಬರುವ ಅವಕಾಶ ಕೊಟ್ಟಿತು.

"ಹಾಗಾದರೆ ಮುಗಿಯಿತಲ್ಲ ಕಫಾಲಾ" ಎಂದ ಹುಡುಗ.

"ಮುಗಿದಿಲ್ಲ. ಕುವೈತ್ ನೋಡು. ಖಾಸಗಿ ಕಂಪನಿಯಲ್ಲಿ ಇರುವ ವಿದೇಶಿಯರು ದೇಶ ಬಿಟ್ಟು ಹೋಗಬೇಕಾದರೆ ಮಾಲೀಕನ ಒಪ್ಪಿಗೆ ಇರುವ ಎಕ್ಸಿಟ್ ಪರ್ಮಿಟ್ ಬೇಕು ಅಂತ 2025ರ ಜುಲೈ 1ರಿಂದ ಮಾಡಿದರು. ಉಳಿದವರು ಬಿಟ್ಟದ್ದನ್ನು ಇವರು ಹಿಡಿದರು. ಕಾನೂನು ಮುಂದೆಯೇ ಹೋಗುತ್ತದೆ ಅಂತ ಎಲ್ಲಿಯೂ ಬರೆದಿಟ್ಟಿಲ್ಲ ಮಾರಾಯ. ಹಾಗಾಗಿ ನೀನು ಹೋಗುವ ದೇಶದ, ನೀನು ಹೋಗುವ ವರ್ಷದ ಕಾನೂನು ನೋಡಬೇಕು. ನನ್ನ ಕಾಲದ್ದು ಹೇಳಿದರೆ ನಿನಗೆ ಪ್ರಯೋಜನ ಇಲ್ಲ."

ಅವರು ಆಫರ್ ಲೆಟರ್ ತೆಗೆದು ಮೊದಲ ಪುಟ ಓದಲಿಲ್ಲ, ಸಂಬಳದ ಕೋಷ್ಟಕಕ್ಕೆ ಹೋದರು. ಬೇಸಿಕ್ 1,200, ಉಳಿದದ್ದು ವಸತಿ, ಊಟ, ಇತರೆ ಭತ್ಯೆ.

"ಒಟ್ಟು ಅಷ್ಟೇ ಅಲ್ಲವಾ ಅತ್ತೆ, ಯಾವ ಹೆಸರಿನಲ್ಲಿ ಕೊಟ್ಟರೆ ಎಂತ?"

"ಕೈಗೆ ಬರುವಾಗ ಅಷ್ಟೇ. ಬಿಟ್ಟು ಬರುವಾಗ ಅಲ್ಲ."

ಯುಎಇಯ ಖಾಸಗಿ ಕಂಪನಿಗಳ ನೌಕರರಿಗೆ 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿರುವುದು 2021ರ 33ನೇ ಫೆಡರಲ್ ಕಾರ್ಮಿಕ ಕಾನೂನು. ಅದರಂತೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿಯ ಲೆಕ್ಕ ಬೇಸಿಕ್ ಸಂಬಳದ ಮೇಲೆ ಮಾತ್ರ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಹುಡುಗ ಆರು ವರ್ಷ ದುಡಿದನೆಂದು ಇಟ್ಟುಕೊಂಡರೆ 135 ದಿನ. ಬೇಸಿಕ್ 1,200 ಇದ್ದರೆ ದಿನಕ್ಕೆ 40 ದಿರ್ಹಂ, ಕೈಗೆ 5,400. ಅದೇ 2,500ರಲ್ಲಿ ಬೇಸಿಕ್ 2,000 ಎಂದು ಬರೆದಿದ್ದರೆ 9,000. ವಿದೇಶಿ ನೌಕರನಿಗೆ ಅಲ್ಲಿ ಸರ್ಕಾರದ ಪಿಂಚಣಿ ಇಲ್ಲ. ಬಹುತೇಕರಿಗೆ ಇಷ್ಟು ವರ್ಷದ ದುಡಿಮೆಗೆ ಕೊನೆಯಲ್ಲಿ ಸಿಗುವುದು ಈ ಒಂದೇ ಗಂಟು. ಅದನ್ನು ಚಿಕ್ಕದು ಮಾಡುವ ಕೆಲಸ ಕೆಲಸಗಾರ ವಿಮಾನ ಹತ್ತುವ ಮೊದಲೇ, ಊರಿನಲ್ಲಿ ಸಹಿ ಹಾಕಿದ ಕಾಗದದಲ್ಲೇ ಮುಗಿದಿರುತ್ತದೆ. ಭತ್ಯೆಗಳನ್ನು ಉಬ್ಬಿಸಿ ಬೇಸಿಕ್ ಇಳಿಸುವುದು ಕಾನೂನುಬದ್ಧವೇ ಇರಬಹುದು, ನ್ಯಾಯವಂತೂ ಅಲ್ಲ.

"ಕಾನೂನಿನಲ್ಲಿ ನಿನ್ನ ಪರವಾಗಿ ಇರುವುದೂ ಉಂಟು, ಅದನ್ನೂ ಕೇಳಿಕೋ" ಎಂದು ಅತ್ತೆ ಮುಂದುವರಿಸಿದರು. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಆ ಅವಧಿಯಲ್ಲಿ ತೆಗೆಯಬೇಕಾದರೆ ಕಂಪನಿ 14 ದಿನ ಮೊದಲು ತಿಳಿಸಬೇಕು. ಹುಡುಗ ಅಲ್ಲೇ ಇನ್ನೊಂದು ಕಂಪನಿಗೆ ಹೋಗುವುದಾದರೆ ಒಂದು ತಿಂಗಳು ಮೊದಲು ಹೇಳಬೇಕು, ಅವನನ್ನು ಕರೆತಂದ ಖರ್ಚನ್ನು ಹೊಸ ಕಂಪನಿ ಹಳೆಯದಕ್ಕೆ ಕಟ್ಟಿಕೊಡಬೇಕು. ಪ್ರೊಬೇಷನ್ ಕಳೆದ ಮೇಲೆ ನೋಟಿಸ್ ಕನಿಷ್ಠ 30 ದಿನ, ಹೆಚ್ಚೆಂದರೆ 90 ದಿನ. ಹೇಳದೆ ಕೇಳದೆ ಸತತ ಏಳು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಹೋಗದಿದ್ದರೆ ನೋಟಿಸ್ ಇಲ್ಲದೆಯೇ ತೆಗೆಯಬಹುದು, ಓಡಿಹೋದ ಎಂದು ದೂರನ್ನೂ ಕೊಡಬಹುದು. ಆ ದೂರು ಒಮ್ಮೆ ದಾಖಲಾದರೆ ಮನುಷ್ಯ ಅಲ್ಲಿ ಇರುವಂತೆಯೂ ಇಲ್ಲ, ಸಲೀಸಾಗಿ ಹೊರಡುವಂತೆಯೂ ಇಲ್ಲ. ಸೌದಿಯಲ್ಲಿ ಇದನ್ನೇ ಹುರೂಬ್ ಎನ್ನುತ್ತಾರೆ. ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡಲು ಹೊರಟವನ ಮೇಲೆ ಮಾಲೀಕನೇ ಮೊದಲು ಹುರೂಬ್ ಹಾಕಿಬಿಡುವುದು ಅಲ್ಲಿ ದುಡಿದವರಿಗೆಲ್ಲ ಗೊತ್ತಿರುವ ವಿಷಯ.

ಇನ್ನೊಂದು ಸಂಗತಿ ಕನ್ನಡಿಗರು ಗಮನಿಸಬೇಕಾದ್ದು. ಯುಎಇಯ ಕಾರ್ಮಿಕ ಸಚಿವಾಲಯದ, ಅಂದರೆ ಎಲ್ಲರೂ ಮೊಹ್ರೆ ಎನ್ನುವ ಕಚೇರಿಯ, ಅಧಿಕೃತ ಆಫರ್ ಲೆಟರ್ ಅರೇಬಿಕ್, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲಿ ಇರಬೇಕೆಂಬ ನಿಯಮ 2016ರಿಂದ ಇದೆ. ಆ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ, ನೇಪಾಳಿ, ಸಿಂಹಳ ಎಲ್ಲ ಸೇರಿದವು, ಕನ್ನಡ ಸೇರಲಿಲ್ಲ. ಕಾಸರಗೋಡಿನ ಆಚೆಯ ಹುಡುಗ ತನ್ನ ಭಾಷೆಯಲ್ಲಿ ಓದಿ ಸಹಿ ಹಾಕಬಲ್ಲ. ಕುಂದಾಪುರದವನು ಹಿಂದಿಯಲ್ಲಿ ತಡಕಾಡಬೇಕು. ಕರ್ನಾಟಕ ಸರ್ಕಾರ ಕೇಳಿ ಪಡೆಯಬಹುದಾದ, ಖರ್ಚಿಲ್ಲದ ಹಕ್ಕು ಇದು.

"ಏಜೆಂಟ್ ಒಂದೂವರೆ ಲಕ್ಷ ಕೇಳಿದ್ದಾನೆ ಅತ್ತೆ. ವೀಸಾದ ಖರ್ಚಂತೆ."

ಅತ್ತೆಗೆ ನಿಜಕ್ಕೂ ಸಿಟ್ಟು ಬಂತು. "ಯಾವ ವೀಸಾ ಖರ್ಚು? ವೀಸಾ, ವರ್ಕ್ ಪರ್ಮಿಟ್ ಖರ್ಚೆಲ್ಲ ಕಂಪನಿಯದ್ದೇ. ಕೆಲಸಗಾರನ ಕೈಯಿಂದ ನೇರವಾಗಲಿ ಸುತ್ತಿಬಳಸಿಯಾಗಲಿ ಒಂದು ಪೈಸೆ ತೆಗೆಯಬಾರದು ಅಂತ ಅಲ್ಲಿಯ ಕಾನೂನಿನಲ್ಲೇ ಉಂಟು. ಇಲ್ಲಿ ನಮ್ಮ ಸರ್ಕಾರ ನೋಂದಾಯಿತ ಏಜೆಂಟಿಗೆ 30,000 ರೂಪಾಯಿ ಸೇವಾ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಅಷ್ಟೇ ತೆಗೆದುಕೊಳ್ಳಲಿಕ್ಕೆ ಬಿಟ್ಟಿದೆ. ಅದಕ್ಕೂ ರಸೀದಿ ಕೊಡಬೇಕು. ಅವನ ಲೈಸೆನ್ಸ್ ನಂಬರ್ ಕೇಳು. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆ ನಂಬರ್ ಇಲ್ಲದಿದ್ದರೆ ಅವನ ಜೊತೆ ಮಾತೇ ಬೇಡ."

1983ರ ವಲಸೆ ಕಾಯಿದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್., ಅಂದರೆ ವಲಸೆ ತಪಾಸಣೆ ಬೇಕು ಎಂಬ ಮುದ್ರೆ ಬೀಳುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅಂಥವರು ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆ ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಬರುತ್ತದೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದ ಸಾವು ಅಥವಾ ಶಾಶ್ವತ ಅಂಗವಿಕಲತೆಗೆ 10 ಲಕ್ಷ. ಡಿಪ್ಲೊಮಾ ಮಾಡಿದ ಈ ಹುಡುಗನಿಗೆ ಆ ಅನುಮತಿ ಬೇಡ. ಬೇಡವಾದ್ದರಿಂದಲೇ ಅವನ ಒಪ್ಪಂದವನ್ನು ಸರ್ಕಾರದ ಕಡೆಯಿಂದ ಯಾರೂ ಓದಿ ನೋಡುವುದಿಲ್ಲ. ಓದಿದವನು ತನ್ನನ್ನು ತಾನೇ ಕಾಯ್ದುಕೊಳ್ಳುತ್ತಾನೆ ಎಂಬ ನಂಬಿಕೆ ಅದು. ಅತ್ತೆಯ ಮೇಜಿನ ಮುಂದೆ ಅಳುತ್ತಾ ನಿಂತವರಲ್ಲಿ ಓದಿದವರೂ ಇದ್ದರು.

"ನನ್ನ ಗೆಳೆಯ ಒಬ್ಬ ಫ್ರೀ ವೀಸಾದಲ್ಲಿ ಹೋಗಿದ್ದಾನೆ. ಅವನಿಗೆ ಯಾವ ಕಂಪನಿಯ ಹಂಗೂ ಇಲ್ಲ. ಎಲ್ಲಿ ಬೇಕಾದರೂ ಕೆಲಸ ಮಾಡುತ್ತಾನೆ."

"ಫ್ರೀ ವೀಸಾ ಅನ್ನುವ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ ಮಗಾ. ಯಾವನೋ ಒಬ್ಬ ತನ್ನ ಹೆಸರಿನ ಕಂಪನಿಗೆ ವೀಸಾ ತೆಗೆದು, ಅದನ್ನು ನಿನ್ನ ಗೆಳೆಯನಿಗೆ ಮಾರಿದ್ದಾನೆ. ಆ ಕಂಪನಿಯಲ್ಲಿ ಕೆಲಸವೇ ಇಲ್ಲ. ಇವನು ಹೊರಗೆ ದುಡಿಯುವ ಪ್ರತಿ ದಿನವೂ ಕಾನೂನು ಮುರಿದ ದಿನ. ಬಿದ್ದು ಕೈ ಮುರಿದುಕೊಂಡರೆ ಯಾವ ಮಾಲೀಕನ ಹತ್ತಿರ ಪರಿಹಾರ ಕೇಳುತ್ತಾನೆ? ಸಂಬಳ ಕೊಡದಿದ್ದರೆ ಯಾರ ಮೇಲೆ ದೂರು ಕೊಡುತ್ತಾನೆ? ಮರುವರ್ಷ ನವೀಕರಣಕ್ಕೆ ಆ ಮಾರಿದವನು ಹೇಳಿದಷ್ಟು ಕೊಡಬೇಕು."

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವುದೂ ಹೀಗೆಯೇ. ಕೆಲಸ ಹುಡುಕುವುದು ಬೇರೆ, ವರ್ಕ್ ಪರ್ಮಿಟ್ ಕೈಗೆ ಬರುವ ಮೊದಲೇ ದುಡಿಯುವುದು ಬೇರೆ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ ಯುಎಇ 2024ರ ತಿದ್ದುಪಡಿಯಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ ಇಟ್ಟಿದೆ. ದಂಡ ಮಾಲೀಕನಿಗೆ ಬಿದ್ದರೂ ಗಡಿಪಾರಾಗುವವನು ಕೆಲಸಗಾರ.

ಪಾಸ್‌ಪೋರ್ಟಿನ ಮಾತು ಬಂತು. ಸುರಕ್ಷಿತವಾಗಿ ಇಡುತ್ತೇವೆ ಎಂದು ಕಂಪನಿ ಅದನ್ನು ತೆಗೆದುಕೊಳ್ಳುತ್ತದಂತೆ, ಕೊಡದಿದ್ದರೆ ಹೇಗೆ ಎಂದು ಹುಡುಗ ಕೇಳಿದ. ಭಾರತದ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಹೊಂದಿದವನೇ ಅದರ ಮಾಲೀಕನಲ್ಲ ಎಂದ ಮೇಲೆ ಪರದೇಶದ ಕಂಪನಿಗೆ ಅದನ್ನು ಇಟ್ಟುಕೊಳ್ಳುವ ಅಧಿಕಾರ ಎಲ್ಲಿಂದ? ಯುಎಇಯ ಕಾನೂನೂ ಮಾಲೀಕರು ಅದನ್ನು ಕಿತ್ತಿಟ್ಟುಕೊಳ್ಳಬಾರದು ಎನ್ನುತ್ತದೆ. "ವೀಸಾ ಕೆಲಸಕ್ಕೆ ಅಂತ ತೆಗೆದುಕೊಂಡರೆ ಕೊಡು, ಆದರೆ ಬರೆಸಿಕೊಂಡು ಕೊಡು. ಕೆಲಸ ಆದ ಮೇಲೆ ಕೇಳಿ ತೆಗೆದುಕೋ. ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ, ಕಾಂಟ್ರಾಕ್ಟ್ ಇಷ್ಟರ ಒಂದೊಂದು ಪ್ರತಿ ಇಲ್ಲಿ ನಿನ್ನ ಅಮ್ಮನ ಹತ್ತಿರ ಇರಬೇಕು. ನಿನಗೆ ಏನಾದರೂ ಆದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕುವವರು ಮನೆಯವರು. ಅವರ ಹತ್ತಿರ ಪಾಸ್‌ಪೋರ್ಟ್ ನಂಬರೇ ಇಲ್ಲದಿದ್ದರೆ ಎಂತ ಮಾಡುತ್ತಾರೆ?"

ಯುಎಇಯಲ್ಲಿ ಪಾಸ್‌ಪೋರ್ಟಿಗೆ ವೀಸಾ ಅಂಟಿಸುವ ಪದ್ಧತಿ 2022ರಲ್ಲಿ ನಿಂತುಹೋಯಿತು. ಈಗ ಎಮಿರೇಟ್ಸ್ ಐಡಿ ಕಾರ್ಡೇ ವಾಸದ ಗುರುತು. ವೀಸಾ ರದ್ದಾದ ಮೇಲೆ ಬೇರೆ ವೀಸಾ ಮಾಡಿಕೊಳ್ಳಲು ಅಥವಾ ದೇಶ ಬಿಡಲು ಸ್ವಲ್ಪ ದಿನ ಕೊಡುತ್ತಾರೆ. ಹಿಂದೆ ಅದು ಎಲ್ಲರಿಗೂ 30 ದಿನ ಇತ್ತು. ಈಗ ವೀಸಾದ ವರ್ಗ ನೋಡಿ ಬದಲಾಗುತ್ತದೆ, ಹಣವಂತರಿಗೆ, ತಜ್ಞರಿಗೆ ಕೊಡುವ ಗೋಲ್ಡನ್ ವೀಸಾದವರಿಗೆ 180 ದಿನದವರೆಗೂ ಸಿಗುತ್ತದೆ. ಆ ಗಡುವು ದಾಟಿದರೆ ದಿನಕ್ಕೆ 50 ದಿರ್ಹಂ ದಂಡ. ತಿಂಗಳಿಗೆ 1,500 ಆಯಿತು, ಈ ಹುಡುಗನ ಬೇಸಿಕ್ಕಿಗಿಂತ ಹೆಚ್ಚು. ಕೆಲಸ ಇಲ್ಲದವನು ದಂಡ ಕಟ್ಟಲಾರ, ದಂಡ ಕಟ್ಟದೆ ಹೊರಡಲಾರ, ಹೊರಡದೆ ಇದ್ದಷ್ಟು ದಿನ ದಂಡ ಬೆಳೆಯುತ್ತದೆ. ಹೀಗೆ ಸಿಕ್ಕಿಕೊಂಡವರಿಗಾಗಿಯೇ ಆಗಾಗ ಕ್ಷಮಾದಾನ ಪ್ರಕಟಿಸುವುದು. ಯುಎಇಯಲ್ಲಿ 2024ರ ಸೆಪ್ಟೆಂಬರ್ 1ರಿಂದ ಶುರುವಾದದ್ದನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ದಂಡವಿಲ್ಲದೆ, ಮತ್ತೆ ಬರಬಾರದೆಂಬ ನಿಷೇಧವೂ ಇಲ್ಲದೆ ಊರಿಗೆ ಹೋಗಲು ಅವಕಾಶ ಸಿಕ್ಕಿತು. ಆದರೆ ಕ್ಷಮಾದಾನ ಯಾವಾಗ ಬರುತ್ತದೆಂದು ನಂಬಿ ಕೂರುವ ಹಾಗಿಲ್ಲ.

"ಕ್ಯಾನ್ಸಲ್ ಮಾಡುವಾಗ ನಿನ್ನ ಕೈಗೆ ಒಂದು ಕಾಗದ ಕೊಡುತ್ತಾರೆ" ಎಂದು ಅತ್ತೆ ನಿಧಾನವಾಗಿ ಹೇಳಿದರು. "ಸಂಬಳ, ರಜೆಯ ಹಣ, ಗ್ರಾಚ್ಯುಯಿಟಿ ಎಲ್ಲ ಬಂದಿದೆ, ಇನ್ನು ಏನೂ ಬಾಕಿ ಇಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ಹಣ ಅಕೌಂಟಿಗೆ ಬರುವ ಮೊದಲು ಸಹಿ ಹಾಕಬೇಡ. ನಾನು ಎಷ್ಟು ಜನರ ಸಹಿ ನೋಡಿದ್ದೇನೆ. ಊರಿಗೆ ಹೋಗುವ ಆತುರದಲ್ಲಿ ಎಲ್ಲಿ ಬೇಕಾದರೂ ಹಾಕಿಬಿಡುತ್ತಿದ್ದರು."

"ಸಹಿ ಹಾಕದಿದ್ದರೆ ಕೋರ್ಟಿಗೆ ಹೋಗಬೇಕಾಗುತ್ತದಲ್ಲ?"

"ಮೊದಲು ಮೊಹ್ರೆಗೆ. ಆ್ಯಪ್‌ನಲ್ಲೇ ದೂರು ಕೊಡಬಹುದು. 50,000 ದಿರ್ಹಂ ಒಳಗಿನದ್ದಾದರೆ 2024ರಿಂದ ಅವರೇ ತೀರ್ಮಾನ ಕೊಡುತ್ತಾರೆ. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಂ ಒಳಗಿನ ಕಾರ್ಮಿಕ ದಾವೆಗೆ ಶುಲ್ಕ ಇಲ್ಲ. ಕೆಲಸ ಬಿಟ್ಟ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಸಂಬಳ ಬ್ಯಾಂಕಿನ ಮೂಲಕವೇ ಬರಬೇಕು ಅಂತ 2009ರಿಂದ ನಿಯಮ ಉಂಟಲ್ಲ, ಹಾಗಾಗಿ ಬಂತೋ ಇಲ್ಲವೋ ಅನ್ನುವುದು ಸರ್ಕಾರದ ದಾಖಲೆಯಲ್ಲೇ ಇರುತ್ತದೆ. ಕೈಯಲ್ಲಿ ಕೊಡುತ್ತೇವೆ ಅಂದರೆ ಒಪ್ಪಬೇಡ."

ಕೆಲಸ ಕಳೆದುಕೊಂಡವರಿಗೆ 2023ರ ಜನವರಿಯಿಂದ ಅಲ್ಲಿ ಒಂದು ವಿಮೆಯೂ ಇದೆ. ಬೇಸಿಕ್ 16,000 ದಿರ್ಹಂ ಒಳಗಿರುವವರಿಗೆ ತಿಂಗಳಿಗೆ 5 ದಿರ್ಹಂ ಕಂತು. ವರ್ಷ ಕಟ್ಟಿದ ಮೇಲೆ, ತನ್ನ ತಪ್ಪಿಲ್ಲದೆ ಕೆಲಸ ಹೋದರೆ ಬೇಸಿಕ್ಕಿನ ಶೇಕಡ 60ರಂತೆ ಮೂರು ತಿಂಗಳವರೆಗೆ ಸಿಗುತ್ತದೆ. ಇದನ್ನು ಮಾಡಿಸುವ ಹೊಣೆ ಕಂಪನಿಯದ್ದಲ್ಲ, ನೌಕರನದ್ದು. ಮಾಡಿಸದಿದ್ದರೆ 400 ದಿರ್ಹಂ ದಂಡ.

ವಾಸ ಕೈತಪ್ಪಲು ಕೆಲಸವೇ ಹೋಗಬೇಕೆಂದಿಲ್ಲ, ಆರು ತಿಂಗಳ ನಿಯಮವೂ ಉಂಟು. ಸಾಮಾನ್ಯ ವೀಸಾದವನು ಸತತವಾಗಿ 180 ದಿನಕ್ಕಿಂತ ಹೆಚ್ಚು ದೇಶದ ಹೊರಗಿದ್ದರೆ ವೀಸಾ ಅಸಿಂಧು. 2020ರಲ್ಲಿ ಇದರ ಬಿಸಿ ಕರಾವಳಿಗೆ ತಟ್ಟಿತು. ಕೊರೊನಾ ಹರಡಿದಾಗ ಮಾರ್ಚ್ 19ರಿಂದ ಯುಎಇ ಹೊರಗಿದ್ದ ತನ್ನ ನಿವಾಸಿಗಳಿಗೂ ಪ್ರವೇಶ ನಿಲ್ಲಿಸಿತು. ರಜೆಗೆ ಬಂದವರು ಊರಿನಲ್ಲೇ ಸಿಕ್ಕಿಕೊಂಡರು. ಅಲ್ಲಿ ಬಾಡಿಗೆ, ಇಲ್ಲಿ ಸಂಬಳವಿಲ್ಲದ ಮನೆ, ಕೈಯಲ್ಲಿ ದಿನ ಎಣಿಸುತ್ತಿದ್ದ ವೀಸಾ. ಆಮೇಲೆ ವಿನಾಯಿತಿಗಳು ಬಂದವು ನಿಜ. ಆದರೆ ಎಷ್ಟೋ ವರ್ಷ ಬಾಳಿದ ಊರಿಗೆ ಹಿಂತಿರುಗಲು ತಮಗೆ ಹಕ್ಕಿಲ್ಲ, ಅನುಮತಿ ಮಾತ್ರ ಇತ್ತು ಎಂಬುದು ಆ ತಿಂಗಳುಗಳಲ್ಲಿ ಜನಕ್ಕೆ ಅರ್ಥವಾಯಿತು.

"ಅದಕ್ಕೇ ನನ್ನ ಜೊತೆಯವರೆಲ್ಲ ಅಮೆರಿಕ, ಕೆನಡಾ ಅನ್ನುತ್ತಾರೆ" ಎಂದ ಹುಡುಗ. "ಅಲ್ಲಿ ಈ ತರಹ ಇಲ್ಲವಂತೆ."

"ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದವನ ಕೆಲಸ ಹೋದರೆ ಎಷ್ಟು ದಿನ ಗೊತ್ತುಂಟಾ? 60."

ಅತ್ತೆ ಹೇಳಿದ್ದು ಸರಿ. 2022ರ ಕೊನೆಯಲ್ಲಿ ದೊಡ್ಡ ದೊಡ್ಡ ತಂತ್ರಜ್ಞಾನ ಕಂಪನಿಗಳು ಜನರನ್ನು ತೆಗೆದಾಗ ಬೆಂಗಳೂರಿನಿಂದ ಹೋದ ಎಂಜಿನಿಯರುಗಳೂ ಆ 60 ದಿನದಲ್ಲಿ ಹೊಸ ಕಂಪನಿ ಹುಡುಕಲು ಒದ್ದಾಡಿದರು. ಹಾಗಿದ್ದರೂ ಒಂದು ದೊಡ್ಡ ವ್ಯತ್ಯಾಸ ಉಂಟು. ಕೆನಡಾದಲ್ಲಿ ಕಾಯಂ ನಿವಾಸಿಯಾದವನು ಐದು ವರ್ಷದಲ್ಲಿ 730 ದಿನ ಅಲ್ಲಿ ಇದ್ದರೆ ಸಾಕು, ಅವನ ವಾಸ ಯಾವ ಮಾಲೀಕನ ಕೈಯಲ್ಲೂ ಇಲ್ಲ. ಮುಂದೆ ಪೌರತ್ವದ ದಾರಿಯೂ ತೆರೆದಿದೆ. ಗಲ್ಫಿನಲ್ಲಿ ಆ ಬಾಗಿಲು ಸಾಮಾನ್ಯ ಕೆಲಸಗಾರನಿಗೆ ಇಲ್ಲವೇ ಇಲ್ಲ. 2019ರಲ್ಲಿ ಶುರುವಾದ ಯುಎಇಯ ಗೋಲ್ಡನ್ ವೀಸಾ, ಅದೇ ವರ್ಷದ ಸೌದಿಯ ಪ್ರೀಮಿಯಂ ನಿವಾಸ ಎರಡೂ ಮಾಲೀಕನ ಹಂಗಿಲ್ಲದ ವಾಸವನ್ನು ಕೊಡುತ್ತವೆ. ಆದರೆ ಸೌದಿಯಲ್ಲಿ ಅದರ ಬೆಲೆ ಒಂದೇ ಸಲಕ್ಕೆ 8 ಲಕ್ಷ ರಿಯಾಲ್ ಎಂದು ಆರಂಭದಲ್ಲೇ ನಿಗದಿಯಾಗಿತ್ತು. ಹಣವಂತನಿಗೆ, ತಜ್ಞನಿಗೆ ಬಿಚ್ಚಿದ ಗಂಟನ್ನು ಆ ಊರುಗಳನ್ನು ಕಟ್ಟಿದವರಿಗೆ ಬಿಚ್ಚಿಲ್ಲ. ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ ವಿಶ್ವಸಂಸ್ಥೆ 1990ರಲ್ಲೇ ಒಂದು ಒಡಂಬಡಿಕೆ ಮಾಡಿದೆ. ಗಲ್ಫಿನ ಒಂದು ದೇಶವೂ ಅದನ್ನು ಒಪ್ಪಿ ಸೇರಿಲ್ಲ. ಇಷ್ಟೊಂದು ಮಕ್ಕಳನ್ನು ಹೊರಗೆ ಕಳಿಸುವ ಭಾರತವೂ ಸೇರಿಲ್ಲ, ಮತ್ತು ಇದು ನೋಯಿಸಬೇಕಾದ ವಿಷಯ.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ಹೇಳುವುದು ಕೇಳಿದರೆ ಹೋಗಲೇಬಾರದು ಅನ್ನಿಸುತ್ತದೆ" ಎಂದ.

"ಹೋಗು. ನಾನೂ ಹೋದೆ, ನಿನ್ನ ಅಪ್ಪನನ್ನು ಓದಿಸಿದ್ದು ಆ ದುಡ್ಡಿನಲ್ಲಿ. ನಾನು ಹೇಳುವುದು ಗೊತ್ತಿದ್ದು ಹೋಗು ಅಂತ. ನಿನ್ನ ಹಕ್ಕು ಮಾತ್ರ ಅಲ್ಲ, ಅಲ್ಲಿಯ ಕಟ್ಟಳೆಯೂ ಗೊತ್ತಿರಬೇಕು."

ಕಟ್ಟಳೆಗಳಲ್ಲಿ ಅವರು ಮೊದಲು ಹೇಳಿದ್ದು ಗಸಗಸೆ. ಪಾಯಸಕ್ಕೆ, ಮಸಾಲೆಗೆ ಅಂತ ಅಮ್ಮ ಕಟ್ಟಿಕೊಡುವ ಗಸಗಸೆ ಯುಎಇಯಲ್ಲಿ ನಿಷೇಧಿತ, ಮಾದಕ ವಸ್ತುವಿನ ಸಾಲಿನಲ್ಲಿ ಬರುತ್ತದೆ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧ ಒಯ್ಯಬೇಕಾದರೆ ವೈದ್ಯರ ಚೀಟಿ, ಅಲ್ಲಿನ ಆರೋಗ್ಯ ಸಚಿವಾಲಯದ ಅನುಮತಿ ಎರಡೂ ಬೇಕು. ಊರಿನವರ ಚಿಕಿತ್ಸೆಗೆಂದು ವಾಟ್ಸ್ಯಾಪ್ ಗುಂಪಿನಲ್ಲಿ ಹಣ ಎತ್ತುವುದು ಇಲ್ಲಿ ಪುಣ್ಯದ ಕೆಲಸ, ಅಲ್ಲಿ ಪರವಾನಗಿ ಪಡೆದ ಸಂಸ್ಥೆಯ ಮೂಲಕವಲ್ಲದೆ ಮಾಡಿದರೆ ಅಪರಾಧ. ಇನ್ನೊಬ್ಬರ ಫೋಟೊ ಅವರ ಒಪ್ಪಿಗೆಯಿಲ್ಲದೆ ತೆಗೆದು ಹಂಚುವುದು, ಸಿಟ್ಟಿನಲ್ಲಿ ಬೈಗುಳದ ಸಂದೇಶ ಕಳಿಸುವುದು 2021ರ ಸೈಬರ್ ಕಾನೂನಿನಡಿ ಜೈಲಿಗೂ ಗಡಿಪಾರಿಗೂ ದಾರಿ. "ಇಲ್ಲಿ ಫೇಸ್‌ಬುಕ್ಕಿನಲ್ಲಿ ಬರೆಯುವ ಹಾಗೆ ಅಲ್ಲಿ ಕೂತು ಧರ್ಮದ ಮೇಲೆ ಬರೆಯಬೇಡ" ಎಂದು ಅತ್ತೆ ಎರಡು ಸಲ ಹೇಳಿದರು. ಕರಾವಳಿಯ ಜಗಳಗಳನ್ನು ಫೋನಿನಲ್ಲಿ ಹೊತ್ತುಕೊಂಡು ಹೋಗಿ ಕೆಲಸ ಕಳೆದುಕೊಂಡವರು ಇದ್ದಾರೆ.

ವಸತಿಯ ವಿಷಯದಲ್ಲಿ ಅವರು ಇನ್ನೂ ಗಂಭೀರರಾದರು. 2024ರ ಜೂನ್ 12ರ ಬೆಳಗಿನ ಜಾವ ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರು ಕಿಕ್ಕಿರಿದಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 50 ಜನ ಸತ್ತರು, ಬಹುಪಾಲು ಭಾರತೀಯರು. ವಾಯುಪಡೆಯ ವಿಮಾನ 45 ಶವಗಳನ್ನು ಕೊಚ್ಚಿಗೆ ತಂದಿತು. ಸತ್ತವರಲ್ಲಿ ಕಲಬುರಗಿ ಜಿಲ್ಲೆಯವರೂ ಒಬ್ಬರು. ಅಂಥ ಕಟ್ಟಡದಲ್ಲಿ ಮಲಗುವವನಿಗೆ ಬಾಡಿಗೆ ಒಪ್ಪಂದದಲ್ಲಿ ಹೆಸರಿರುವುದಿಲ್ಲ, ಬಾಗಿಲ ಬಗ್ಗೆ ಮೆಟ್ಟಿಲ ಬಗ್ಗೆ ದೂರಲು ಧೈರ್ಯವೂ ಇರುವುದಿಲ್ಲ. ದುಬೈಯಲ್ಲಿ ಪ್ಲೈವುಡ್ ಅಡ್ಡ ನಿಲ್ಲಿಸಿ ಒಂದು ಕೋಣೆಯನ್ನು ನಾಲ್ಕು ಮಾಡುವ ಪಾರ್ಟಿಷನ್ ಕೋಣೆಗಳು ಕಾನೂನುಬಾಹಿರ. ಅಗ್ಗ ಎಂದು ಸೇರಿಕೊಂಡವರನ್ನು ತಪಾಸಣೆ ಬಂದ ದಿನ ಬೀದಿಗೆ ಇಳಿಸುತ್ತಾರೆ. "ಕಂಪನಿಯ ವಸತಿಯೋ, ಭತ್ಯೆಯೋ, ಈಗಲೇ ಕೇಳಿ ಬರೆಸಿಕೋ."

"ಮದುವೆ ಆದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಬಹುದಾ?"

"ಈ ಸಂಬಳಕ್ಕೆ ಆಗುವುದಿಲ್ಲ. 4,000 ದಿರ್ಹಂ ಬೇಕು, ಇಲ್ಲದಿದ್ದರೆ 3,000 ಮತ್ತು ಕಂಪನಿಯ ವಸತಿ. ಮಗು ಅಲ್ಲೇ ಹುಟ್ಟಿದರೆ 120 ದಿನದೊಳಗೆ ಅದಕ್ಕೂ ವೀಸಾ ಮಾಡಿಸಬೇಕು. ನಮ್ಮ ದೂತಾವಾಸದಲ್ಲಿ ಒಂದು ವರ್ಷದೊಳಗೆ ಜನನ ನೋಂದಾಯಿಸಬೇಕು, ತಡವಾದರೆ ಕೇಂದ್ರ ಸರ್ಕಾರದ ಅನುಮತಿಗೆ ಅಲೆಯಬೇಕು. ಗಂಡು ಮಗ 25ರವರೆಗೆ ಅಪ್ಪನ ವೀಸಾದಲ್ಲಿ ಇರಬಹುದು. ಹಿಂದೆ 18 ಇತ್ತು. ಅಲ್ಲೇ ಹುಟ್ಟಿ, ಅಲ್ಲೇ ಶಾಲೆ ಓದಿದ ಹುಡುಗರು 18ಕ್ಕೆ ತಾವು ಕಾಣದ ಊರಿಗೆ ಬರುತ್ತಿದ್ದರು."

ಸೌದಿಯಲ್ಲಿ ಕುಟುಂಬ ಕಟ್ಟಿಕೊಂಡವರಿಗೆ ಬೇರೆ ರೀತಿಯ ಪೆಟ್ಟು ಬಿತ್ತು. 2017ರ ಜುಲೈಯಿಂದ ಅವಲಂಬಿತ ಒಬ್ಬೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷ ವರ್ಷ ಏರಿಸುತ್ತಾ 2020ಕ್ಕೆ 400 ಮಾಡಿದರು. ಹೆಂಡತಿ, ಮೂರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್. ಎಷ್ಟೋ ಮನೆಗಳು ಆ ವರ್ಷಗಳಲ್ಲಿ ಎರಡಾದವು: ಅಪ್ಪ ಜುಬೈಲ್‌ನಲ್ಲೋ ದಮ್ಮಾಮ್‌ನಲ್ಲೋ, ಹೆಂಡತಿ ಮಕ್ಕಳು ಮಂಗಳೂರಿನ ಫ್ಲ್ಯಾಟಿನಲ್ಲಿ.

ಹೊರದೇಶದ ಕರ್ತವ್ಯಗಳ ಜೊತೆ ಊರಿನವೂ ಇವೆ, ಮತ್ತು ಅವನ್ನು ಹೆಚ್ಚಿನವರು ಮರೆಯುತ್ತಾರೆ. ಕೆಲಸಕ್ಕೆಂದು ವಿದೇಶಕ್ಕೆ ಹೋದವನು ಇಲ್ಲಿ ಸಾಮಾನ್ಯ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಇದ್ದದ್ದನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಬೇಕು, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ತೆರೆಯಬಹುದು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ತೆರಿಗೆಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗೆ: ಕೆಲಸಕ್ಕಾಗಿ ಹೊರಟ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ಅವನು ಇಲ್ಲಿನ ನಿವಾಸಿ. ಆಗಸ್ಟ್‌ನಲ್ಲಿ ಹೊರಟವನ ದುಬೈ ಸಂಬಳಕ್ಕೆ ಇಲ್ಲಿ ಆ ವರ್ಷ ತೆರಿಗೆ ಬರುವುದಿಲ್ಲ, ಡಿಸೆಂಬರ್‌ನಲ್ಲಿ ಹೊರಟವನ ಸಂಬಳ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಮತದಾನದ ಹಕ್ಕು 2011ರಿಂದ ಅನಿವಾಸಿಗಳಿಗೂ ಇದೆ, 6ಎ ನಮೂನೆಯಲ್ಲಿ ಹೆಸರು ಸೇರಿಸಬೇಕು. ಆದರೆ ಮತಗಟ್ಟೆಗೆ ತಾನೇ ಬರಬೇಕು, ಹಾಗಾಗಿ ಹೆಚ್ಚಿನವರಿಗೆ ಅದು ಕಾಗದದ ಹಕ್ಕು.

"ನಾಲ್ಕು ವರ್ಷ ದುಡಿದು ಹೆಬ್ರಿ ಕಡೆ ಒಂದು ಎಕರೆ ಅಡಿಕೆ ತೋಟ ಮಾಡಬೇಕು ಅಂತ ಉಂಟು."

"ಅಲ್ಲಿ ಇರುವಾಗ ನಿನ್ನ ಹೆಸರಿಗೆ ಆಗುವುದಿಲ್ಲ. ಅನಿವಾಸಿಯಾದವನು ಮನೆ, ಫ್ಲ್ಯಾಟ್, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ತೋಟ ಕೊಳ್ಳಬಾರದು. ಅಪ್ಪನಿಂದ ಪಾಲಿಗೆ ಬಂದದ್ದಾದರೆ ಇಟ್ಟುಕೊಳ್ಳಬಹುದು. ಕಾಯಂ ಆಗಿ ವಾಪಸ್ ಬಂದ ಮೇಲೆ ಧಾರಾಳವಾಗಿ ತೆಗೆದುಕೋ."

"ಹಾಗಾದರೆ ಅಮ್ಮನ ಹೆಸರಿಗೆ?"

"ಅಮ್ಮನ ಹೆಸರಿಗೆ ತೆಗೆದರೆ ಅದು ಅಮ್ಮನದ್ದೇ ಆಗುತ್ತದೆ, ನಿನ್ನ ಅಕ್ಕನಿಗೂ ಅದರಲ್ಲಿ ಪಾಲು ಬರುತ್ತದೆ. ಅದನ್ನು ಮನೆಯಲ್ಲಿ ಕೂತು ಈಗಲೇ ಮಾತಾಡಿ. ಮತ್ತೆ ಬ್ಯಾಂಕಿನ ವಿಷಯ. ಎನ್‌ಆರ್‌ಒ ಖಾತೆಗೆ ಅಮ್ಮನನ್ನು ಜಂಟಿಯಾಗಿ ಸೇರಿಸಬಹುದು. ಎನ್‌ಆರ್‌ಇಗೂ ಹತ್ತಿರದ ಸಂಬಂಧಿ ಅಂತ ಸೇರಿಸಲಿಕ್ಕೆ ಬಿಡುತ್ತಾರೆ, ಆದರೆ ನೀನು ಇರುವ ತನಕ ಅದರಲ್ಲಿ ಅವಳ ಸಹಿ ನಡೆಯುವುದು ನೀನು ಅಧಿಕಾರ ಬರೆದುಕೊಟ್ಟರೆ ಮಾತ್ರ. ಆ ಅಧಿಕಾರ ಪತ್ರದ ನಮೂನೆ ಬ್ಯಾಂಕಿನಲ್ಲೇ ಕೊಡುತ್ತಾರೆ. ಸೋಮವಾರ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು. ಆಧಾರ್, ಪ್ಯಾನ್ ಎರಡೂ ತೆಗೆದುಕೊಳ್ಳಲಿಕ್ಕೆ ಹೇಳು."